ಒಂದು ಎಂಬಲ್ಲಿ ನಿಲ್ಲದ ಮೋಟಾರು

ಕರೆಂಟು ಹೋದದ್ದಕ್ಕೆ ಕೈಮುಗಿದವನು ನಮ್ಮ ಅಜ್ಜಂಪುರದ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. ಕಡೂರಿನ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವವನು ತನ್ನ ತೆಂಗಿನ ತೋಟದ ಮೋಟಾರನ್ನು ಕೈಯಾರೆ ಆಫ್ ಮಾಡುವುದೇ ಎಂಬ ಜಂಬ ನನಗೆ. ಅದಕ್ಕೆ ಪುಟ್ಟದೊಂದು ಕಂಪ್ಯೂಟರ್ ಬೋರ್ಡು ಜೋಡಿಸಿ ಪ್ರೋಗ್ರಾಂ ಬರೆದೆ: ಗಂಟೆಯ ಹತ್ತನೇ ಒಂದು ಭಾಗ ಕಳೆದಾಗಲೆಲ್ಲ ೦.೧ ಕೂಡಿಸು, ಮೊತ್ತ ಸರಿಯಾಗಿ ಒಂದಾದ ಕೂಡಲೇ ನಿಲ್ಲಿಸು. ಐದನೇ ಕ್ಲಾಸಿನ ಲೆಕ್ಕ. ಹೆಂಡತಿಯೆದುರು ಒಂದಿಷ್ಟು ಕೊಚ್ಚಿಕೊಂಡು ಬಸ್ಸು ಹತ್ತಿದೆ.

ಮೋಟಾರು ನಿಲ್ಲಲಿಲ್ಲ. ನೀರು ಬದು ದಾಟಿ ಪಕ್ಕದ ರುದ್ರಪ್ಪನವರ ಹೊಲಕ್ಕೆ ನುಗ್ಗಿತು. ಅಲ್ಲಿ ಅವರು ಈರುಳ್ಳಿ ಬೆಳೆಯನ್ನೆಲ್ಲ ಕಿತ್ತು ಒಣಗಲು ಹರಡಿದ್ದರು. ನೆನೆದರೆ ಕೊಳೆತು ಗೊಬ್ಬರವೇ ಗತಿ. ಮೊದಲ ಸಾಲಿನ ಹತ್ತಿರ ನೀರು ಬರುವಷ್ಟರಲ್ಲಿ, ನನ್ನ ಪುಣ್ಯ, ಕರೆಂಟು ಹೋಯಿತು.

ರುದ್ರಪ್ಪನವರು ಬೈಯಲಿಲ್ಲ. "ಏನ್ ಮೇಷ್ಟ್ರೇ, ನಿಮ್ ಮಿಷಿನ್‌ಗೆ ಒಂದು ಅಂದ್ರೆ ಎಷ್ಟು ಅಂತ ಗೊತ್ತಾಗಲ್ವಾ?" ಎಂದರು, ಅಷ್ಟೇ.

ನಾನು ಪಾಠ ಶುರು ಮಾಡಿದೆ. ಹತ್ತನ್ನು ಮೂರರಿಂದ ಭಾಗಿಸಿದರೆ ನಮಗೆ ಹೇಗೆ ಮುಗಿಯುವುದಿಲ್ಲವೋ, ಸೊನ್ನೆ ಮತ್ತು ಒಂದು ಇವೆರಡೇ ಅಂಕಿ ಗೊತ್ತಿರುವ ಯಂತ್ರಕ್ಕೆ ಹತ್ತನೇ ಒಂದು ಭಾಗವೂ ಹಾಗೆಯೇ. ಮುಗಿಯದ ಬಾಲ ಕತ್ತರಿಸಿ, ಕೊನೆಯ ಅಂಕಿಯನ್ನು ಒಂಚೂರು ಹೆಚ್ಚೋ ಕಡಿಮೆಯೋ ಮಾಡಿ ಇಟ್ಟುಕೊಳ್ಳುತ್ತದೆ. ಎಲ್ಲಿ ಕತ್ತರಿಸಬೇಕೆಂಬುದು ಯಂತ್ರ ಮಾಡಿದವರ ತೀರ್ಮಾನ. ನನ್ನದು ಮೂವತ್ತೆರಡು ಬಿಟ್, ಅಂದರೆ ಮೂವತ್ತೆರಡೇ ಅಂಕಿಗೆ ಜಾಗವಿರುವ ಗಿಡ್ಡ ಜಾತಿ, ಹತ್ತು ಸಲ ಕೂಡಿಸಿದರೆ ಒಂದನ್ನು ಕೂದಲೆಳೆಯಷ್ಟು ದಾಟಿಬಿಡುತ್ತದೆ; ಸರಿಯಾಗಿ ಒಂದು ಬರುವುದೇ ಇಲ್ಲ, ಮೋಟಾರೂ ನಿಲ್ಲುವುದಿಲ್ಲ. "ಅರವತ್ನಾಲ್ಕರದ್ದು ತರ್ತೀನಿ ಬಿಡಿ, ಇನ್ನು ತಪ್ಪಲ್ಲ" ಎಂದೆ. ಅವರು ತಲೆಯಾಡಿಸಿದರು.

ದೊಡ್ಡ ಬೋರ್ಡು ಬಂತು. ಈ ಸಲ ಮೊತ್ತ ಒಂದಕ್ಕೆ ಕೂದಲೆಳೆಯಷ್ಟು ಕಡಿಮೆ, ಇನ್ನೊಂದು ಸಲ ಕೂಡಿಸಿದರೆ ಒಂದನ್ನು ಹಾರಿ ಆಚೆ! ಕರೆಂಟು ಅಂದು ಹೋಗಲೂ ಇಲ್ಲ. ಕಡೂರಿನಿಂದ ಬಂದು ನೋಡಿದರೆ ರುದ್ರಪ್ಪನವರ ಹೊಲ ಬುಕ್ಕಾಂಬುಧಿ ಕೆರೆಯ ತಮ್ಮನಂತಿತ್ತು. ನನ್ನ ಮೋಟಾರು ಆಫ್ ಮಾಡಿ ಅವರು ಬದುವಿನ ಮೇಲೆ ಕೂತಿದ್ದರು.

"ಈರುಳ್ಳಿ?" ಎಂದೆ.

"ದೊಡ್ಡ ಮಿಷಿನ್ ತಂದವ್ರೆ ಅಂತ ನಿಮ್ ಮನೇವ್ರು ಹೇಳಿದ್ರು. ಅವತ್ತೇ ಎಲ್ಲಾನೂ ಮನೆಗೆ ಸಾಗಿಸ್ಬಿಟ್ಟೆ ಕಣ್ರೀ."

ಆ ಮನುಷ್ಯನ ಕಾಲು ಹಿಡಿಯಬೇಕೆನ್ನಿಸಿತು. ಬಸ್ಸಿಗೆ ಇನ್ನೂ ದಾರಿ ಉಳಿದಿದ್ದರೂ ಸಿಂಗಟಗೆರೆ ದಾಟುತ್ತಿದ್ದಂತೆಯೇ "ಕಡೂರ್ ಬಂದ್ಬಿಡ್ತು" ಎಂದು ಫೋನಿನಲ್ಲಿ ಹೇಳುತ್ತಾರಲ್ಲ ನಮ್ಮ ಜನ, ಅದನ್ನೇ ಯಂತ್ರಕ್ಕೂ ಕಲಿಸಿದೆ: ಒಂದರ ಹತ್ತಿರ ಬಂದರೂ ಸಾಕು, ದಾಟಿದರೂ ಸರಿ, ನಿಲ್ಲಿಸು. ಈಗ ಮೋಟಾರು ಹೇಳಿದ ಹೊತ್ತಿಗೆ ನಿಲ್ಲುತ್ತದೆ. ಓಡಿಹೋಗಿ ತಿಳಿಸಿದೆ. ರುದ್ರಪ್ಪನವರು ಬಹಳ ಸಂತೋಷಪಟ್ಟರು, ಬೆನ್ನು ತಟ್ಟಿದರು. ಮಾರನೆಯ ದಿನ ನೋಡುತ್ತೇನೆ, ಬದುವನ್ನು ಮೊಳದೆತ್ತರ ಏರಿಸುತ್ತಿದ್ದಾರೆ. ನಾನೂ ಪಂಚೆ ಮೇಲೆ ಕಟ್ಟಿ ಮಣ್ಣು ಹೊತ್ತೆ.