ಪಾವಣೇರ ಕೊಡ

ಪರ ಊರಿಗೆ ಬಂದು ನಿಂತವರಿಗೆ ದಿನಾ ಒಂದಿಲ್ಲೊಂದು ಫಜೀತಿ ಇದ್ದದ್ದೇ ನೋಡ್ರಿ. ನಮ್ಮವರಿಗೆ ಮಹಾರಾಷ್ಟ್ರದ ಬಿಡಕಿನ್ ಕಡೆ ಕಂಪನಿಯೊಳಗ ಕೆಲಸ ಸಿಕ್ತಂತ ಕಲಬುರಗಿ ಬಿಟ್ಟು, ಅಲ್ಲೇ ಒಂದು ಹಳ್ಳ್ಯಾಗ ಖೋಲಿ ಹಿಡಿದ್ವಿ. ಊರವರು ನಮಗ ‘ಪಾವಣೇರು’ ಅಂತಿದ್ರು, ಅಂದ್ರ ಅತಿಥಿಗಳು. ಛಲೋನೇ. ಆದ್ರ ಅತಿಥಿ ಇವತ್ತಲ್ಲ ನಾಳೆ ಎದ್ದು ಹೋಗವರಲ್ಲೇನ್ರಿ? ಅದೊಂದು ನನಗ ಚುಚ್ಚತಿತ್ತು.

ರೊಟ್ಟಿ ಸಪ್ಪಳ

ಬಂದ ಮರುದಿನ ರೊಟ್ಟಿ ಬಡಿತಿದ್ದೆ. ಬಾಜೂ ಮನಿ ಕಾಕು ಬಾಗಿಲಕ್ಕ ಬಂದು ನಿಂತ್ರು. ಸಪ್ಪಳಕ್ಕ ಸಿಟ್ಟಾದ್ರೇನೋ ಅಂತ ಅಂಜಿದೆ.

“ಕಂಪನಿ ಮಂದಿ ಬ್ರೆಡ್ ತಿಂತಾರ ಅನ್ಕೊಂಡಿದ್ದೆ. ನೀವೂ ಭಾಕರಿ ಬಡಿತೀರಿ?” ಅಂದ್ರು ಮರಾಠಿಯೊಳಗ. ಒಂದು ತಿಂದು ನೋಡಿದ್ರು. “ಭಾಳ ತೆಳ್ಳಗ ಅದ, ಹೊಟ್ಟಿಗೆ ಗೊತ್ತೇ ಆಗಲಿಲ್ಲ” ಅಂತ ಇನ್ನೆರಡು ತಿಂದ್ರು.

ಬಟ್ಟಲ

ಸಂಜೀಕ ಕಾಕು ಒಂದು ಬಟ್ಟಲ ಠೇಚಾ, ಅಂದ್ರ ಹಸಿಮೆಣಸಿನಕಾಯಿ ಚಟ್ನಿ, ಕಳಿಸಿದ್ರು. ಖಾಲಿ ಬಟ್ಟಲ ಹ್ಯಾಂಗ ಕೊಡೋದಂತ ಶೇಂಗಾ ಹಿಂಡಿ ತುಂಬಿ ಕೊಟ್ಟೆ. ಅವರು ಋಣ ಇಟ್ಕೊಳ್ಳವರಲ್ಲ, ಕಡ್ಲಿಹಿಟ್ಟಿನ ಪಿಠಲಾ ಕಳಿಸಿದ್ರು. ನಾ ಪುಂಡಿ ಪಲ್ಯ. ನಮ್ಮವರು “ಇವತ್ತ ಬಟ್ಟಲ ಯಾರ ಮನ್ಯಾಗ ಅದ?” ಅಂತ ಕೇಳಿಯೇ ಊಟಕ್ಕ ಕೂಡತಿದ್ರು.

ಒಮ್ಮೆ ಜ್ವರ ಬಂದು ಮಲಗಿಬಿಟ್ಟೆ. ಬಟ್ಟಲ ನಮ್ಮಲ್ಲೇ ಉಳೀತು. ಕಾಕು ಇನ್ನೊಂದು ಬಟ್ಟಲದಾಗ ಗಂಜಿ ತಂದು, ಹೆತ್ತ ತಾಯಿಗತೆ ಕೂತು ಕುಡಿಸಿದ್ರು. ಆ ಉಪಕಾರ ಸಾಯೂತನಕ ಮರೀಲಾರೆ. ಆರಾಮಾದ ಮ್ಯಾಲ ಎರಡು ಬಟ್ಟಲ ತುಂಬಬೇಕಾತು.

ನಳದ ಹತ್ರ

ನಳ ಬಂತಂದ್ರ ಓಣಿ ಹೆಂಗಸರೆಲ್ಲಾ ಪಾಳಿ ಸಲುವಾಗಿ ಭರ್ಜರಿ ಜಗಳಾಡವರು. ನಾ ಹೋದ್ರ ಮಾತ್ರ ಎಲ್ಲಾರೂ ಗಪ್ ಚುಪ್. “ಪಾವಣೇರ ಕೊಡ ಮದ್ಲ ತುಂಬಲಿ.”

ಮನಿಗೆ ಬಂದು ಮುಖ ಸಣ್ಣ ಮಾಡ್ತಿದ್ದೆ. “ನೀರು ಸಿಗತದಲ್ಲ, ಮತ್ತೇನು?” ಅಂತಿದ್ರು ನಮ್ಮವರು.

“ಬೈಯುವಷ್ಟೂ ಅವರ ಪೈಕಿ ಆಗಿಲ್ಲಲ್ರೀ ನಾ.”

ಒಂದಿನ ರೂಢಿ ಮ್ಯಾಲ ಕೊಡ ಮುಂದ ಇಟ್ಟೆ. ಕಾಕು ಅದನ್ನ ದರದರ ಹಿಂದ ಎಳದ್ರು. “ಏ ಕಲಬುರಗಿ, ನಮ್ಮ ಓಣಿಯಾಕಿ ಆಗಿ ಪಾಳಿ ತಿಳಿಯಂಗಿಲ್ಲೇನ ನಿನಗ? ಹಿಂದ ಸರಿ.”

ನನಗ ಕಣ್ಣಾಗ ನೀರೇ ಬಂತು. ಕಾಕು ಗಾಬರಿಯಾಗಿ, “ಅಳಬ್ಯಾಡ ಪೋರಿ” ಅಂದ್ರು.

“ಖುಷಿಗೆ ಕಾಕು. ಇನ್ನೊಮ್ಮೆ ಬೈರಿ.”

ಅವತ್ತ ಶಿರಾ ಮಾಡಿ ಓಣಿಗೆಲ್ಲಾ ಹಂಚಿದೆ. ಯಾಕಂತ ಕೇಳಿದವರಿಗೆಲ್ಲಾ, “ಕಾಕು ನನಗ ಬೈದ್ರು, ಅದಕ್ಕ” ಅಂದೆ.

ಮರುದಿನ ನಳ ಬರೂ ಮುಂಚೇನೇ ಓಣಿ ಹೆಂಗಸರೆಲ್ಲಾ ನೆರೆದಿದ್ರು. ನೀರಿಗಲ್ಲ, ನನಗ ಬೈಲಾಕ. ಮದ್ಲ ಯಾರು ಬೈಬೇಕಂತ ಅವರವರೊಳಗೇ ಜಗಳ ಹತ್ತಿತ್ತು.