ಶುಕ್ರವಾರದ ಮೀನಿಗೆ ಬೀಗ ಹಾಕಿದ ಉಪವಾಸದ ಆ್ಯಪಿಗೆ

ಮಾನ್ಯ ಉಪವಾಸದ ಆ್ಯಪ್ ಅವರೇ,

ಅಮೆರಿಕದ ವಿಸ್ಕಾನ್ಸಿನ್ನಿನ ನಿವೃತ್ತ ಪ್ಲಂಬರ್ ವರ್ಲಿನ್ ಸೋಬ್ಚಾಕ್ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಹೊಟ್ಟೆ ಕೊಂಚ ಕರಗಿರುವುದರಿಂದ ಈಗ ಎಂಟೂ ಅಂಗಗಳು ನಿಜಕ್ಕೂ ನೆಲ ಮುಟ್ಟುತ್ತಿದ್ದು, ಆ ಕೀರ್ತಿಯೂ ತಮ್ಮದೇ ಆಗಿದೆ.

ರಕ್ತದ ಸಕ್ಕರೆ ಗಡಿ ದಾಟುತ್ತಿದೆ, ನಿಮ್ಮಪ್ಪ ಇದರಿಂದಲೇ ಕಾಲು ಕಳೆದುಕೊಂಡದ್ದು ನೆನಪಿರಲಿ ಎಂದು ಡಾಕ್ಟರಮ್ಮ ಎಚ್ಚರಿಸಿದ ದಿನವೇ ನಾನು ಹೆದರಿ ತಮ್ಮನ್ನು ಫೋನಿಗೆ ಬರಮಾಡಿಕೊಂಡೆ. ಮೊದಲು ಬೆಳಗಿನ ತಿಂಡಿ ಬಿಟ್ಟು ಮಧ್ಯಾಹ್ನದಿಂದ ರಾತ್ರಿಯವರೆಗೆ ತಿನ್ನುವ ಪದ್ಧತಿ ಹಿಡಿದಾಗ, ಹಸಿದ ಹೊಟ್ಟೆ ರಾತ್ರಿ ಬಡ್ಡಿ ಸಮೇತ ವಸೂಲಿ ಮಾಡಿತು, ತಾವು ಚಪ್ಪಾಳೆ ತಟ್ಟಿದಿರಿ, ಸಕ್ಕರೆ ಮಾತ್ರ ಅಲ್ಲಾಡಲಿಲ್ಲ. "ಎಷ್ಟು ಗಂಟೆ ಉಪವಾಸ ಅನ್ನೋದಷ್ಟೇ ಅಲ್ಲ, ಯಾವ ಹೊತ್ತಲ್ಲಿ ತಿಂತೀರಿ ಅನ್ನೋದೂ ಮುಖ್ಯ. ಸಕ್ಕರೆ ವಿಷಯದಲ್ಲಿ ಮೈ ಬೆಳಗ್ಗೆ ಚುರುಕು, ಸಂಜೆ ಸೋಮಾರಿ. ಬೇಗ ತಿಂದು ಬೇಗ ಬಾಯಿ ಮುಚ್ಚಿ ನೋಡಿ," ಎಂದರು ಡಾಕ್ಟರಮ್ಮ. ಮಧ್ಯಾಹ್ನ ಮೂರಕ್ಕೆ ನನ್ನ ಬಾಯಿ ಮುಚ್ಚಿಸುವ ಹೊಣೆಯನ್ನು ತಾವು ಹೊತ್ತ ಶ್ರದ್ಧೆ ಕಂಡಿದ್ದರೆ, ನನ್ನ ದಿವಂಗತ ಅತ್ತೆ ತಮ್ಮನ್ನು ದತ್ತು ಪಡೆಯುತ್ತಿದ್ದರು.

ಆದರೆ ಮಾನ್ಯರೇ, ಶುಕ್ರವಾರ ಸಂಜೆ ಎಂಬುದೊಂದಿದೆ. ನಮ್ಮೂರ ಲೋರೇನಳ ಹೋಟೆಲಿನಲ್ಲಿ ಕರಿದ ಮೀನು, ಬಿಯರು, ಊರಿನವರೆಲ್ಲರ ಹರಟೆ. ನಾನು ಆರ್ಲೆಟ್‌ಳನ್ನು ಮೊದಲು ಕಂಡದ್ದೂ, ಮದುವೆಯ ಬಳಿಕ ನಮ್ಮ ಜಗಳಗಳೆಲ್ಲ ರಾಜಿಯಾದದ್ದೂ ಅಲ್ಲಿಯೇ. ನಾನು ನೀರು ಗುಟುಕರಿಸುತ್ತ ಕೂತಿದ್ದಾಗ, ಮೀನಿನ ತಟ್ಟೆ ಬಂದ ಕ್ಷಣಕ್ಕೆ ಸರಿಯಾಗಿ ತಾವು ಜೇಬಿನೊಳಗಿಂದ, "ಶಭಾಷ್ ವೀರ, ಈಗ ನಿನ್ನ ಕೊಬ್ಬು ಉರಿಯುತ್ತಿದೆ," ಎಂದು ಹೋಟೆಲಿಗೆಲ್ಲ ಸಾರಿದಿರಿ. ಪಕ್ಕದ ಮೇಜಿನ ಪಾದ್ರಿಗಳಿಗೆ ಬಿಯರು ಮೂಗಿಗೇರಿತು. "ನೀನು ಉರೀತಾ ಇರು ಮಾರಾಯ, ನಿನ್ನ ಪಾಲಿನ ಮೀನು ನಾನು ನೋಡ್ಕೊತೀನಿ," ಎಂದಳು ಆರ್ಲೆಟ್.

ಮುಂದಿನ ಶುಕ್ರವಾರ ಹೋಟೆಲಿಗೆ ಹೊರಡಲು ಅವಳು ಕೋಟನ್ನೇ ತೊಡಲಿಲ್ಲ. "ಒಬ್ಬಳೇ ತಿಂದ್ರೆ ಮೀನು ರುಚಿಸಲ್ಲ ಕಣೋ," ಎಂದು ಕಿಟಕಿಯತ್ತ ತಿರುಗಿದಳು. ಸಕ್ಕರೆಯ ಭಯ ಒಂದು ತೂಕವಾದರೆ ಆ ಬೆನ್ನು ಇನ್ನೊಂದು ತೂಕ.

ನಾನು ಲೋರೇನ್ ಬಳಿ ಓಡಿ, ಮುಂಜಾನೆ ಮೀನು ಕರಿಯಬೇಕೆಂದು ಬೇಡಿಕೊಂಡೆ. "ಬೆಳಬೆಳಗ್ಗೆ ಎಣ್ಣೆ ಕಾಯಿಸೋಕೆ ನಂಗೇನು ಹುಚ್ಚಾ?" ಎಂದವಳು, ಆರ್ಲೆಟ್ ಬರುವುದನ್ನೇ ಬಿಟ್ಟಿದ್ದಾಳೆ ಎಂದು ಕೇಳಿ ಮರು ಶುಕ್ರವಾರ ನಸುಕಿನಲ್ಲೇ ಬಾಣಲೆ ಒಲೆಗೇರಿಸಿದಳು. ವಾಸನೆ ಹಿಡಿದು ಕಾಗದದ ಗಿರಣಿಯ ರಾತ್ರಿ ಪಾಳಿಯವರು ನುಗ್ಗಿದರು, ಯಾರೋ ಅಕಾರ್ಡಿಯನ್ ವಾದ್ಯ ತಂದರು, ಸೂರ್ಯ ಮೂಡುವಾಗ ಪಾದ್ರಿಗಳು ಕುಣಿಯುತ್ತಿದ್ದರು. ತುಟಿಗೆ ಬಣ್ಣ ಹಚ್ಚಿಕೊಂಡು ಬಂದ ಆರ್ಲೆಟ್, "ಬೆಳಕಲ್ಲಿ ನೀನು ಇನ್ನೂ ಮುದುಕ ಕಾಣ್ತೀಯ, ಪರವಾಗಿಲ್ಲ," ಎಂದು ನನ್ನ ತಟ್ಟೆಗೆ ತನ್ನ ಮೀನಿನ ಗರಿಗರಿ ಅಂಚನ್ನು ಮುರಿದು ಹಾಕಿದಳು. ಈಗ ಸಕ್ಕರೆ ಇಳಿದಿದೆ; ಕರಿದದ್ದು ವಾರಕ್ಕೊಂದೇ ಸಲ ಎಂಬ ಷರತ್ತಿನ ಮೇಲೆ ಡಾಕ್ಟರಮ್ಮನೂ ಕ್ಷಮಿಸಿದ್ದಾರೆ.

ಹೀಗಾಗಿ ತಮ್ಮಲ್ಲಿ ಸವಿನಯ ಬೇಡಿಕೆ ಎರಡೇ: ಸಂಜೆಯ ಮೀನು ಮೂರು ಗಂಟೆಯೊಳಗೇ ಬಾಯಿಗೆ ಸಿಗುವಂತೆ, ಸೂರ್ಯನಿಗೆ ಒಂದು ಮಾತು ಹೇಳಿ ಶುಕ್ರವಾರ ಮಾತ್ರ ಮಧ್ಯಾಹ್ನ ಎರಡಕ್ಕೇ ಮುಳುಗಿಸಬೇಕು, ಮತ್ತು ನನ್ನ ಕೊಬ್ಬು ಇನ್ನು ಮುಂದೆ ಖಾಸಗಿಯಾಗಿ ಉರಿಯಬೇಕು.

ಮೂರು ಗಂಟೆಯವರೆಗೆ ಮಾತ್ರ ತಮ್ಮ ವಿಶ್ವಾಸಿ,
ವರ್ಲಿನ್ ಸೋಬ್ಚಾಕ್

ವಿ.ಸೂ.: ನಿನ್ನೆಯಿಂದ ಆರ್ಲೆಟ್ ಕೂಡ ತಮ್ಮನ್ನು ತನ್ನ ಫೋನಿಗೆ ಇಳಿಸಿಕೊಂಡಿದ್ದಾಳೆ. ಅವಳ ಕೊಬ್ಬಿನ ವಿಚಾರ ಬಾಯಿಬಿಡುವ ಮುನ್ನ ಯೋಚಿಸಿರಿ. ಮನೆಯ ಕೊನೆಯ ಅಲಾರಂ ಗಡಿಯಾರವನ್ನು ಅವಳು ಸುತ್ತಿಗೆಯಿಂದ ಮಾತಾಡಿಸಿದ್ದಳು.