ಸೋಮವಾರ ಹೊರಗಿನವರೊಬ್ಬರು

ಬಸ್ ನಿಲ್ದಾಣದಲ್ಲಿ ಕುಳಿತವರ ಮುಖ ನೋಡಿ, ಅವರ ಊಟವಾಗಿದೆಯೋ ಇಲ್ಲವೋ ಎಂದು ನಾನು ಹೇಳಬಲ್ಲೆ. ಬೇರೆ ಯಾವ ವಿದ್ಯೆಯೂ ನನಗೆ ಇಷ್ಟು ಚೆನ್ನಾಗಿ ಹತ್ತಲಿಲ್ಲ. ಕಲಿಸಿದವಳು ಅವ್ವ. ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ನಾವು ಬಸವಕಲ್ಯಾಣ ಬಿಟ್ಟು ಹುಮನಾಬಾದಿಗೆ ಬಂದಾಗ, ಅವ್ವ ಬೀಸುವ ಕಲ್ಲಿನ ಜೊತೆ ಒಂದು ನೇಮವನ್ನೂ ತಂದಳು. ಸೋಮವಾರ ಲಿಂಗಪೂಜೆಯ ಮೇಲೆ ಹೊರಗಿನವರೊಬ್ಬರು ಉಂಡ ಹೊರತು ಅವಳು ಉಣ್ಣುವುದಿಲ್ಲ. ಕಲ್ಯಾಣದಲ್ಲಿ ದಾರಿಹೋಕರು ತಾವಾಗಿಯೇ ಬರುತ್ತಿದ್ದರು. ಇಲ್ಲಿ ಹಿಡಿದು ತರುವ ಕೆಲಸ ನನ್ನ ಪಾಲಿಗೆ ಬಂತು. ನಾನು ತರುವಷ್ಟರಲ್ಲಿ ಅವ್ವ ಜೋಳ ಬೀಸಿ, ರೊಟ್ಟಿ ಬಡಿದು, ಅಂಗಳ ಸಾರಿಸಿ, ತಡವಾಯಿತೆಂದು ನನ್ನನ್ನು ಬಯ್ಯಲು ಬಾಗಿಲಲ್ಲಿ ನಿಂತಿರುತ್ತಿದ್ದಳು. ಒಮ್ಮೆ, ನನಗಿನ್ನೂ ಮುಖ ಓದಲು ಬಾರದಿದ್ದಾಗ, ಕೊಡಂಬಲ ಊರಿನವರೊಬ್ಬರು ಆಗಲೇ ಉಂಡಿದ್ದರೂ ಅವಳಿಗೆ ಅಂಜಿ ಮತ್ತೆ ನಾಲ್ಕು ರೊಟ್ಟಿ ತಿಂದರು. "ಭಾಳ ಹಸದಿದ್ರು, ಪಾಪ," ಎಂದಳು ಅವ್ವ. ಅವರು ಮಾತಾಡುವ ಸ್ಥಿತಿಯಲ್ಲಿರಲಿಲ್ಲ.

ಎಂಬತ್ತರ ದಶಕದಲ್ಲಿ ಅವ್ವ ಹಾಸಿಗೆ ಹಿಡಿದಳು. ಬರಿ ಹೊಟ್ಟೆಯಲ್ಲಿ ಗುಳಿಗೆ ಕೊಡಬಾರದೆಂದು ಡಾಕ್ಟರು ಹೇಳಿದ್ದರು. ಒಂದು ಸೋಮವಾರ ಬಸ್ಸುಗಳೇ ಓಡಲಿಲ್ಲ. ನಿಲ್ದಾಣದಲ್ಲಿ ಒಂದು ಎಮ್ಮೆ ಮಾತ್ರ ಮಲಗಿತ್ತು. ಮನೆಗೆ ಬಂದು, "ಯಾರೂ ಸಿಗಲಿಲ್ಲವ್ವ, ಇವತ್ತೊಂದಿನ ಉಣ್ಣು," ಎಂದೆ.

"ಬರ್ತಾರ, ತಡಿ," ಎಂದು ಗೋಡೆಯ ಕಡೆ ಹೊರಳಿದಳು. ಮಧ್ಯಾಹ್ನ ಇಳಿಯಿತು. ಅವಳ ನರಳಾಟವೂ ಸಣ್ಣದಾಗುತ್ತ ಬಂತು.

ಆಗ ನನ್ನ ಮಗಳು ಸುವರ್ಣ ಹಿತ್ತಲಿಂದ ಹೊರಗೆ ಹೋದಳು. ನನ್ನ ಶಾಲನ್ನು ತಲೆತುಂಬ ಹೊದ್ದು ಮುಂಬಾಗಿಲಿಗೆ ಬಂದು ನಿಂತಳು.

"ಊಟ ಸಿಗ್ತಾದೇನ್ರಿ, ಅವ್ವಾರ?"

ಅವ್ವ ಮೊಮ್ಮಗಳನ್ನು ನೋಡಿದಳು. ನಗಲಿಲ್ಲ. "ಬರ್ರಿ. ಯಾವೂರಿಂದ ಬಂದೀರಿ?"

"ಮುಡಬಿಯಿಂದ್ರಿ."

"ಬಸ್ಸಿಲ್ಲ. ಹ್ಯಾಂಗ ಬಂದ್ರಿ?"

"ನಡಕೋತ ಬಂದೀನ್ರಿ."

"ಕೇಳಿದೇನು?" ಎಂದು ಅವ್ವ ನನ್ನ ಕಡೆ ತಿರುಗಿದಳು. "ಅಷ್ಟು ದೂರ ನಡದು ಬಂದಾರ. ಕಾಲಿಗೆ ನೀರ ಕೊಡು."

ಹೆತ್ತ ಮಗಳ ಕಾಲಿಗೆ ನೀರು ಕೊಟ್ಟೆ. ಅವಳು ಉಂಡಳು. ಆಮೇಲೆ ಅವ್ವ ಎರಡು ತುತ್ತು ಉಂಡು ಗುಳಿಗೆ ನುಂಗಿದಳು.

ಅವ್ವ ತೀರಿಹೋದ ಮೇಲಿನ ಮೊದಲ ಸೋಮವಾರ ಯಾರನ್ನಾದರೂ ಕರೆತಾ ಎನ್ನುವವರು ಇರಲಿಲ್ಲ. ತಾಟಿನ ಮುಂದೆ ಕುಳಿತೆ, ರೊಟ್ಟಿ ಮುರಿದು ಹಾಗೇ ಇಟ್ಟೆ. ಎದ್ದು, ಹಿತ್ತಲಿಂದ ಸುತ್ತಿ, ಶಾಲು ಹೊದ್ದು ಮುಂಬಾಗಿಲಲ್ಲಿ ನಿಂತೆ. ಸುವರ್ಣ ಹೊರಗೆ ಬಂದು ನೋಡಿದಳು.

"ಯಾವೂರಿಂದ ಬಂದೀರ್ರಿ?"

ಊರು ಯೋಚಿಸಿಕೊಂಡಿರಲಿಲ್ಲ. "ಹುಮನಾಬಾದ್," ಎಂದೆ.

"ಭಾಳ ದೂರ ಆತಲ್ರಿ," ಎಂದು ಕಾಲಿಗೆ ನೀರು ಕೊಟ್ಟಳು. ಅಂಜಿಸಲು ಅವ್ವ ಇರಲಿಲ್ಲ. ಆದರೂ ನಾಲ್ಕು ರೊಟ್ಟಿ ಉಂಡೆ.